ಹೊಟ್ಟೆಗೆ ಗಾಳಿಯೋ ನೀರೋ, ಮೊದಲೇ ಕೇಳಿ

ಓದುಗರ ಪ್ರಶ್ನೆ, ಸಿಸ್ಟರ್ ಉತ್ತರ

ಹುಬ್ಬಳ್ಳಿಯ ಎಂಡೋಸ್ಕೋಪಿ ಕೋಣೆಯಲ್ಲಿ 31 ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು ನಾನು. ಹೋದ ಸಲ ಮೂಲವ್ಯಾಧಿ ಬಗ್ಗೆ ಬರೆಯುವಾಗ ‘ರಕ್ತ ಹೋದರೆಲ್ಲ ಪೈಲ್ಸ್ ಅಂದುಕೊಂಡು ಕೂರಬೇಡಿ, ಡಾಕ್ಟರು ಹೇಳಿದರೆ ಕೊಲೊನೋಸ್ಕೋಪಿ ಮಾಡಿಸಿ’ ಎಂದು ಒಂದು ಸಾಲು ಬರೆದಿದ್ದೆ. ಈ ಸಲ ಬಂದ ಪತ್ರಗಳೆಲ್ಲ ಆ ಒಂದು ಸಾಲಿಗೇ. ಗುದದ್ವಾರದಿಂದ ಕ್ಯಾಮೆರಾ ಇರುವ ಪೈಪ್ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ ಅದು. ಹೆದರಿಕೆ ಇದ್ದೇ ಇರುತ್ತದೆ. ಯಾರೂ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಗಾಗಿ ಊರು ಮಾತ್ರ ಕೊಟ್ಟಿದ್ದೇನೆ. ನಿಮ್ಮ ಔಷಧಿ, ನಿಮ್ಮ ಕಾಯಿಲೆಯ ತೀರ್ಮಾನ ನಿಮ್ಮ ಡಾಕ್ಟರದ್ದು. ಟೇಬಲ್ ಪಕ್ಕ ನಿಂತು ನಾನು ಕಂಡದ್ದು, ಕಲಿತದ್ದು ಇಲ್ಲಿದೆ.

ಪ್ರಶ್ನೆ: ನನಗೆ 61 ವರ್ಷ, ನಿವೃತ್ತ ಶಿಕ್ಷಕಿ. ಮೂರು ವರ್ಷದ ಹಿಂದೆ ಕೊಲೊನೋಸ್ಕೋಪಿ ಮಾಡಿ 12 ಮಿಲಿಮೀಟರಿನ ಒಂದು ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟು) ತೆಗೆದರು. ಅಡಿನೋಮಾ (ಮುಂದೆ ಕ್ಯಾನ್ಸರ್ ಆಗಬಹುದಾದ ಬಗೆಯ ಪಾಲಿಪ್) ಅಂತ ರಿಪೋರ್ಟ್ ಬಂತು. ಈಗ ಮತ್ತೆ ಮಾಡಿಸಬೇಕಂತೆ. ಆವತ್ತಿನ ನೋವು ನೆನೆದರೆ ಕೈಕಾಲು ತಣ್ಣಗಾಗುತ್ತವೆ. ಎರಡು ದಿನ ಹೊಟ್ಟೆ ಉಬ್ಬಿಕೊಂಡೇ ಇತ್ತು. ಗಾಳಿ ಬದಲು ಬೇರೆ ಗ್ಯಾಸ್ ಬಿಡುತ್ತಾರೆ, ನೀರು ಬಿಡುತ್ತಾರೆ, ಪೂರ್ತಿ ಮಲಗಿಸಿಯೂ ಮಾಡುತ್ತಾರೆ ಅಂತ ಮಗ ಹೇಳುತ್ತಾನೆ. ಯಾವುದು ಒಳ್ಳೆಯದು? ಮಾಡಿಸದೇ ಬಿಟ್ಟರೆ ಏನು? — ಗದಗ

ಉತ್ತರ: ಅಕ್ಕೋರೆ, ಕಡೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ದಯವಿಟ್ಟು ಬಿಡಬೇಡಿ. ದೊಡ್ಡ ಕರುಳಿನ ಕ್ಯಾನ್ಸರ್ ಬಹುಪಾಲು ಇಂಥ ಪಾಲಿಪ್‌ಗಳಿಂದಲೇ ಶುರುವಾಗುತ್ತದೆ. ಅಡಿನೋಮಾ ಕ್ಯಾನ್ಸರ್ ಆಗಿ ತಿರುಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ. ಅಷ್ಟರೊಳಗೆ ಕಂಡು ತೆಗೆದುಬಿಟ್ಟರೆ ಆ ಕ್ಯಾನ್ಸರ್ ಬರುವುದೇ ಇಲ್ಲ. 10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದನ್ನು ತೆಗೆಸಿಕೊಂಡವರು 3 ವರ್ಷಕ್ಕೆ ಮತ್ತೆ ನೋಡಿಸಿಕೊಳ್ಳಬೇಕು ಎಂದು ಅಮೆರಿಕದ ತಜ್ಞರೂ ಹೇಳುತ್ತಾರೆ, ಯುರೋಪಿನವರೂ ಹೇಳುತ್ತಾರೆ. ನಿಮ್ಮದು 12. ಡಾಕ್ಟರು ಸರಿಯಾದ ಸಮಯಕ್ಕೇ ಕರೆದಿದ್ದಾರೆ.

ನಿಮ್ಮ ಭಯ ಏನು ಅಂತ ನನಗೆ ಗೊತ್ತು. ನನಗೂ ಎರಡು ಸಲ ಈ ಪರೀಕ್ಷೆ ಆಗಿದೆ. ಮೊದಲನೆಯದು 46ನೇ ವಯಸ್ಸಿನಲ್ಲಿ, ಹಿಮೋಗ್ಲೋಬಿನ್ 7ಕ್ಕೆ ಇಳಿದಾಗ. ಜೊತೆಯವರ ಮುಂದೆ ಸಂಕೋಚ ಅಂತ ಬೇರೆ ಊರಿಗೆ ಹೋಗಿ ಮಾಡಿಸಿಕೊಂಡೆ. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು. ಒಳಗೆ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಗಾಳಿ ತುಂಬುತ್ತಾ, ಪೈಪ್ ತಳ್ಳುತ್ತಾ ಹೋದರು. ‘ಸ್ವಲ್ಪ ನಿಲ್ಲಿಸಿ’ ಅಂತ ಕೇಳಿಕೊಂಡೆ. ‘ಆಯ್ತು, ಮುಗೀತು’ ಅಂದರು. ಮುಗಿದಿರಲಿಲ್ಲ. ರಾತ್ರಿಯಿಡೀ ಹೊಟ್ಟೆ ಹಿಡಿದುಕೊಂಡು ಮಗ್ಗುಲು ಬದಲಿಸಿದೆ. ‘ಆಯ್ತು, ಮುಗೀತು’ ಎಂಬ ಅದೇ ಮಾತನ್ನು ಅಲ್ಲಿಯವರೆಗೆ ನಾನೂ ಎಷ್ಟೋ ಜನರಿಗೆ ಹೇಳಿದ್ದೆ. ಆವತ್ತಿನಿಂದ ಬಿಟ್ಟೆ.

ಈಗ, ನೋವು ಎಲ್ಲಿಂದ ಬರುತ್ತದೆ ಅನ್ನುವುದನ್ನು ತಿಳಿದುಕೊಳ್ಳೋಣ. ಕರುಳಿನ ಒಳಪದರಕ್ಕೆ ಚಿವುಟಿದರೂ ಕತ್ತರಿಸಿದರೂ ಗೊತ್ತಾಗುವುದಿಲ್ಲ. ನಿಮ್ಮ ಪಾಲಿಪ್ ತೆಗೆದ ಗಳಿಗೆಯಲ್ಲಿ ನಿಮಗೆ ನೋವಾಗಿರಲಾರದು. ಕರುಳು ಎಳೆದುಕೊಂಡಾಗ, ಉಬ್ಬಿದಾಗ ನೋಯುತ್ತದೆ. ನೀವು ಲಂಗಕ್ಕೆ ಲಾಡಿ ಪೋಣಿಸಿದ್ದೀರಲ್ಲ? ಪಿನ್ನನ್ನು ಬರೀ ಮುಂದೆ ತಳ್ಳುತ್ತಾ ಹೋದರೆ ಸಿಕ್ಕಿಕೊಳ್ಳುತ್ತದೆ. ಸ್ವಲ್ಪ ತಳ್ಳಬೇಕು, ಬಟ್ಟೆಯನ್ನು ಹಿಂದಕ್ಕೆ ಎಳೆದು ನೆರಿಗೆ ಮಾಡಿಕೊಳ್ಳಬೇಕು, ಮತ್ತೆ ಸ್ವಲ್ಪ ತಳ್ಳಬೇಕು. ಕೊಲೊನೋಸ್ಕೋಪಿಯೂ ಹಾಗೇ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಪಳಗಿದ ಕೈ ಇದ್ದರೆ ಅಷ್ಟನ್ನೂ ನೆರಿಗೆ ಮಾಡಿ 70–80 ಸೆಂಟಿಮೀಟರ್ ಪೈಪಿನಲ್ಲೇ ಕೊನೆ ಮುಟ್ಟುತ್ತಾರೆ. ಎಡಗಡೆ ಕೆಳಹೊಟ್ಟೆಯಲ್ಲಿ ಕರುಳು ಹಾವಿನ ಹಾಗೆ ಸುತ್ತಿರುತ್ತದೆ, ಸಿಗ್ಮಾಯ್ಡ್ ಅಂತಾರೆ. ಪೈಪ್ ಅಲ್ಲಿ ಬಾಗಿ ಸುರುಳಿಯಾದರೆ ತುದಿ ಮುಂದೆ ಹೋಗುವುದಿಲ್ಲ, ಕರುಳು ಮಾತ್ರ ಎಳೆಯುತ್ತದೆ. ನಿಮ್ಮನ್ನು ನಡುಗಿಸಿದ ನೋವು ಅದೇ ಇರಬೇಕು. ಆಗ ಡಾಕ್ಟರು ಪೈಪನ್ನು ಹಿಂದಕ್ಕೆ ಎಳೆದು, ತಿರುಗಿಸಿ, ನೇರ ಮಾಡಿಕೊಳ್ಳುತ್ತಾರೆ. ನಾವು ನರ್ಸುಗಳು ಅಂಗೈಯಿಂದ ಹೊಟ್ಟೆ ಒತ್ತಿ ಹಿಡಿಯುತ್ತೇವೆ, ಸುರುಳಿ ಮತ್ತೆ ಏಳದಿರಲಿ ಅಂತ. ಕೆಲವೊಮ್ಮೆ ಎಡಮಗ್ಗುಲಿನಿಂದ ಅಂಗಾತ ತಿರುಗಿಸಿದರೆ ಅಷ್ಟಕ್ಕೇ ದಾರಿ ಬಿಡುತ್ತದೆ. ಸಣಕಲು ಮೈಯವರಲ್ಲಿ, ಗರ್ಭಕೋಶ ತೆಗೆಸಿದವರಲ್ಲಿ ಇದು ಸ್ವಲ್ಪ ಕಷ್ಟ. ನಮ್ಮ ಕಡೆ ಗರ್ಭಕೋಶ ತೆಗೆಸಿದ ಹೆಣ್ಣುಮಕ್ಕಳು ಬಹಳ. ಒಳಗೆ ಕರುಳು ಅಂಟಿಕೊಂಡಿರಬಹುದು. ನಿಮಗೂ ಆಗಿದ್ದರೆ ಮೊದಲೇ ಹೇಳಿ, ಯಾರೂ ಕೇಳದಿದ್ದರೂ ಹೇಳಿ.

ಇನ್ನು ಗಾಳಿಯ ಮಾತು. ಕರುಳು ಮುದುಡಿಕೊಂಡಿರುತ್ತದೆ, ಹಿಗ್ಗಿಸದೆ ಒಳಗೆ ಏನೂ ಕಾಣುವುದಿಲ್ಲ. ಹಳೆಯ ಪದ್ಧತಿಯಲ್ಲಿ ಇದಕ್ಕೆ ಕೋಣೆಯ ಗಾಳಿಯನ್ನೇ ಬಿಡುತ್ತಾರೆ. ಬಲೂನು ಊದಿದರೆ ದಪ್ಪ ಆಗುವುದರ ಜೊತೆ ಉದ್ದವೂ ಆಗುತ್ತದೆ ಅಲ್ವಾ? ಕರುಳೂ ಹಾಗೇ ಉದ್ದವಾಗುತ್ತದೆ, ತಿರುವುಗಳು ಇನ್ನೂ ಬಿಗಿಯಾಗುತ್ತವೆ. ಗಾಳಿಯಲ್ಲಿ ಬಹುಪಾಲು ನೈಟ್ರೋಜನ್, ಅದನ್ನು ಕರುಳು ಹೀರಿಕೊಳ್ಳುವುದು ತೀರಾ ನಿಧಾನ. ಹೂಸಾಗಿಯೇ ಹೊರಗೆ ಹೋಗಬೇಕು. ನಿಮ್ಮ ಎರಡು ದಿನದ ಹೊಟ್ಟೆಯುಬ್ಬರಕ್ಕೆ ಕಾರಣ ಇದೇ ಅಂತ ನನಗೆ ಅನಿಸುತ್ತದೆ.

ನಿಮ್ಮ ಮಗ ಹೇಳಿದ ‘ಬೇರೆ ಗ್ಯಾಸ್’ ಅಂದರೆ ಕಾರ್ಬನ್ ಡೈಆಕ್ಸೈಡ್, ನಾವು ಉಸಿರಿನಲ್ಲಿ ಬಿಡುವುದೇ. ನೈಟ್ರೋಜನ್‌ಗಿಂತ ನೂರು ಪಟ್ಟಿಗೂ ಹೆಚ್ಚು ಬೇಗ ಕರುಳು ಇದನ್ನು ಹೀರುತ್ತದೆ. ರಕ್ತಕ್ಕೆ ಸೇರಿ, ಶ್ವಾಸಕೋಶಕ್ಕೆ ಹೋಗಿ, ಉಸಿರಿನಲ್ಲಿ ಹೋಗಿಬಿಡುತ್ತದೆ. ಪೈಪ್ ಒಳಗೆ ಹೋಗುವಾಗಿನ ನೋವು ಇದರಿಂದ ಬಹಳ ಕಡಿಮೆ ಆಗುತ್ತದೆ ಅಂತ ಹೇಳಲಾರೆ. ಆದರೆ ಪರೀಕ್ಷೆ ಆದ ಮೇಲಿನ ಉಬ್ಬರ, ನೋವು ನಿಜಕ್ಕೂ ಕಡಿಮೆ. ಈ ಗ್ಯಾಸ್ ಹಾಕುವುದು ಶುರುವಾದ ಮೇಲೆ, ಪರೀಕ್ಷೆ ಆದವರು ಮಲಗಿ ಸುಧಾರಿಸಿಕೊಳ್ಳುವ ಕೋಣೆಯಲ್ಲಿ ಆದ ಬದಲಾವಣೆಯನ್ನು ನಾನೇ ನೋಡಿದ್ದೇನೆ. ಮೊದಲೆಲ್ಲ ಜನ ಮೊಣಕಾಲು ಮಡಚಿಕೊಂಡು ಮಲಗಿರುತ್ತಿದ್ದರು. ಆಮೇಲೆ ಎದ್ದು ಕೂತು ಚಹಾ ಕೇಳತೊಡಗಿದರು. ಒಂದೇ ಎಚ್ಚರಿಕೆ: ಶ್ವಾಸಕೋಶದ ಕಾಯಿಲೆ ಬಹಳ ಮುಂದುವರಿದವರು ಇದನ್ನು ಡಾಕ್ಟರಿಗೆ ಹೇಳಬೇಕು.

ನೀರಿನ ಪದ್ಧತಿ ನನಗೆ ಎಲ್ಲಕ್ಕಿಂತ ಇಷ್ಟ. ಅದರಲ್ಲಿ ಎರಡು ಬಗೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಒಂದರಲ್ಲಿ ನೀರು ಬಿಡುತ್ತಾ ಒಳಗೆ ಹೋಗುತ್ತಾರೆ, ವಾಪಸ್ ಬರುವಾಗ ಹೀರಿಕೊಳ್ಳುತ್ತಾರೆ. ಇನ್ನೊಂದರಲ್ಲಿ ಗಾಳಿಯ ಬಟನ್ ಪೂರ್ತಿ ಬಂದ್. ಒಳಗಿರುವ ಗಾಳಿಯನ್ನೂ ಹೀರಿಬಿಡುತ್ತಾರೆ. ಉಗುರುಬೆಚ್ಚಗಿನ ಶುದ್ಧ ನೀರು ಬಿಡುವುದು, ರಾಡಿಯಾದ ನೀರನ್ನು ಅಲ್ಲೇ ಹೀರುವುದು, ಮತ್ತೆ ಶುದ್ಧ ನೀರು, ಹೀಗೇ ಕೊನೆಯವರೆಗೆ ಹೋಗುತ್ತಾರೆ. ಇದಕ್ಕೆ ವಾಟರ್ ಎಕ್ಸ್‌ಚೇಂಜ್ ಅಂತ ಹೆಸರು. ಇದನ್ನು ಬೆಳೆಸಿದವರಲ್ಲಿ ಮುಖ್ಯರು ಕ್ಯಾಲಿಫೋರ್ನಿಯಾದ ಡಾ. ಫೆಲಿಕ್ಸ್ ಲ್ಯೂಂಗ್. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಮತ್ತಿನ ಇಂಜೆಕ್ಷನ್ ಇಲ್ಲದೆ ಪರೀಕ್ಷೆ ಮಾಡಬೇಕಾಗಿ ಬಂದಾಗ ನೋವು ಕಡಿಮೆ ಮಾಡುವ ದಾರಿ ಹುಡುಕಿದವರು ಅವರು. ನೀರಿನ ಭಾರಕ್ಕೆ ಎಡಗಡೆಯ ಕರುಳು ಕೆಳಗೆ ಕೂರುತ್ತದೆ, ನೇರ ಆಗುತ್ತದೆ, ಸುರುಳಿ ಕಡಿಮೆ. ಗಾಳಿ ಇಲ್ಲದ್ದರಿಂದ ಕರುಳು ಉದ್ದ ಆಗುವುದಿಲ್ಲ. ಗಾಳಿ, ಕಾರ್ಬನ್ ಡೈಆಕ್ಸೈಡ್, ನೀರು ಈ ಮೂರನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಪೈಪ್ ಒಳಗೆ ಹೋಗುವಾಗ ಅತಿ ಕಡಿಮೆ ನೋವು ಕಂಡದ್ದು ವಾಟರ್ ಎಕ್ಸ್‌ಚೇಂಜ್‌ನಲ್ಲಿ. ಇನ್ನೊಂದು ಲಾಭವೂ ಇದೆ. ದಾರಿಯುದ್ದಕ್ಕೂ ತೊಳೆಯುತ್ತಾ ಹೋಗುವುದರಿಂದ ಕರುಳು ಇನ್ನಷ್ಟು ಸ್ವಚ್ಛವಾಗುತ್ತದೆ, ಅಡಿನೋಮಾಗಳು ಹೆಚ್ಚು ಸಿಗುತ್ತವೆ. ಮೈಗೆ ಹಿತವಾದದ್ದು ಕೆಲಸಕ್ಕೂ ಒಳ್ಳೆಯದಾದದ್ದು ನನಗೆ ಬಹಳ ಖುಷಿ ಕೊಟ್ಟ ವಿಷಯ.

ತೊಂದರೆ ಅಂದರೆ ಸಮಯ. ಒಳಗೆ ಹೋಗುವುದಕ್ಕೆ ಕೆಲವು ನಿಮಿಷ ಜಾಸ್ತಿ ಬೇಕು, ಕೈ ಪಳಗಬೇಕು. ಹಾಗಾಗಿ ಎಲ್ಲ ಕಡೆಯೂ ಮಾಡುವುದಿಲ್ಲ. ನನ್ನ ಎರಡನೇ ಪರೀಕ್ಷೆ ಹೀಗೆ ನೀರಿನಲ್ಲೇ ಆಯಿತು. ಈ ಸಲ ನಮ್ಮ ಕೋಣೆಯಲ್ಲೇ, ಸಂಕೋಚ ಬಿಟ್ಟು. ಮತ್ತಿನ ಇಂಜೆಕ್ಷನ್ ಬೇಡ ಅಂದೆ. ಹೋಗುವಾಗ ನೀರು, ಬರುವಾಗ ಕಾರ್ಬನ್ ಡೈಆಕ್ಸೈಡ್. ಒಂದು ತಿರುವಿನಲ್ಲಿ ಮಾತ್ರ ಹೊಟ್ಟೆ ಹಿಂಡಿದ ಹಾಗಾಯಿತು. ಕೈ ಎತ್ತಿದೆ, ಡಾಕ್ಟರು ನಿಲ್ಲಿಸಿದರು, ಹಿಂದೆ ಎಳೆದುಕೊಂಡು ಮತ್ತೆ ಹೋದರು. ನನ್ನ ಕರುಳನ್ನು ನಾನೇ ಪರದೆಯ ಮೇಲೆ ನೋಡಿದೆ. ಮಧ್ಯಾಹ್ನ ಮನೆಗೆ ಬಂದು ಅನ್ನ ಸಾರು ಉಂಡೆ.

ಮಲಗಿಸಿ ಮಾಡುವುದರಲ್ಲೂ ಎರಡು ಥರ. ಮಿಡಜೋಲಾಮ್, ಫೆಂಟನಿಲ್ ಇಂಜೆಕ್ಷನ್ ಕೊಟ್ಟರೆ ಮಂಪರು ಬರುತ್ತದೆ, ಕರೆದರೆ ಓಗೊಡುತ್ತೀರಿ, ಆಮೇಲೆ ಬಹಳ ನೆನಪಿರುವುದಿಲ್ಲ. ಪ್ರೊಪೊಫಾಲ್ ಕೊಟ್ಟರೆ ಗಾಢ ನಿದ್ದೆ. ಅದಕ್ಕೆ ಅರವಳಿಕೆ ಡಾಕ್ಟರು ಪಕ್ಕದಲ್ಲೇ ಇರಬೇಕು, ಖರ್ಚು ಜಾಸ್ತಿ. ನಿಲ್ಲಿಸಿದ ಕೆಲವೇ ನಿಮಿಷದಲ್ಲಿ ಎಚ್ಚರ ಆಗುತ್ತದೆ. ಅಕ್ಕೋರೆ, ಇಷ್ಟು ಹೆದರಿರುವ ನೀವು ಮಲಗಿಸಿಯೇ ಮಾಡಿಸಿಕೊಳ್ಳಿ, ಅದರಲ್ಲಿ ತಪ್ಪೇನೂ ಇಲ್ಲ. ಒಂದು ಮಾತು ಮಾತ್ರ. ನಿದ್ದೆ ಬಂದರೂ ಕರುಳು ಎಳೆಯುವುದು ಎಳೆಯುತ್ತಲೇ ಇರುತ್ತದೆ, ಹೇಳಲು ನೀವು ಎಚ್ಚರ ಇರುವುದಿಲ್ಲ ಅಷ್ಟೇ. ಆದ್ದರಿಂದ ನಿದ್ದೆ ಇದ್ದರೂ ಗಾಳಿಯ ಪ್ರಶ್ನೆ ಕೇಳಲೇಬೇಕು.

ನೆನಪಿನ ಬಗ್ಗೆಯೂ ಒಂದು ವಿಷಯ. ನಮ್ಮ ಹಿರಿಯ ಡಾಕ್ಟರು ಇದನ್ನು ಹೇಳಿಕೊಟ್ಟಿದ್ದರು. ಕೆನಡಾದ ಡಾಕ್ಟರ್ ಡೊನಾಲ್ಡ್ ರೆಡೆಲ್‌ಮೈಯರ್ ಮತ್ತು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್ ಸೇರಿ 682 ರೋಗಿಗಳನ್ನು ನೋಡಿ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅರ್ಧ ಜನರಿಗೆ ಪರೀಕ್ಷೆ ಮುಗಿದ ಕೂಡಲೇ ಪೈಪ್ ತೆಗೆದರು. ಇನ್ನರ್ಧ ಜನರಿಗೆ ಪೈಪಿನ ತುದಿಯನ್ನು ಅಲುಗಾಡಿಸದೆ ಕೆಲವು ನಿಮಿಷ ಹಾಗೇ ಬಿಟ್ಟು, ಆಮೇಲೆ ತೆಗೆದರು. ಈ ಎರಡನೆಯವರಿಗೆ ಪರೀಕ್ಷೆ ಉದ್ದವಾಯಿತು, ಆದರೂ ಆಮೇಲೆ ಕೇಳಿದಾಗ ‘ನೋವು ಕಡಿಮೆ ಇತ್ತು’ ಅಂದವರು ಅವರೇ. ಕೊನೆಯ ಗಳಿಗೆ ಹೇಗಿತ್ತು ಅನ್ನುವುದರ ಮೇಲೆ ನೆನಪು ಬಹಳಮಟ್ಟಿಗೆ ನಿಲ್ಲುತ್ತದೆ. ಇದು ತಿಳಿದ ಮೇಲೆ ನಾವು ಕೊನೆಯಲ್ಲಿ ಅವಸರ ಮಾಡುವುದು ಬಿಟ್ಟೆವು. ಗಾಳಿ ಹೀರಿ, ನಿಧಾನಕ್ಕೆ ಹೊರಗೆ ಬಂದು, ಹೊದಿಕೆ ಸರಿಮಾಡಿದ ಮೇಲೇ ‘ಮುಗಿಯಿತು’ ಅನ್ನುತ್ತಿದ್ದೆವು. ಆಗ ಅದು ನಿಜವಾಗಿಯೂ ಮುಗಿದಿರುತ್ತಿತ್ತು.

ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕೇಳಿ: ಒಳಗೆ ಗಾಳಿ ಬಿಡುತ್ತೀರೋ, ಕಾರ್ಬನ್ ಡೈಆಕ್ಸೈಡೋ, ನೀರೋ? ಮತ್ತಿನ ಇಂಜೆಕ್ಷನ್ ಕೊಡುವವರು ಯಾರು? ನನಗೆ ಹೋದ ಸಲ ಬಹಳ ನೋವಾಗಿತ್ತು, ಡಾಕ್ಟರಿಗೆ ಮುಂಚೆಯೇ ತಿಳಿಸುತ್ತೀರಾ? ಹಳೆಯ ರಿಪೋರ್ಟ್ ತೆಗೆದುಕೊಂಡು ಹೋಗಿ. ಕೇಳಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ನಮ್ಮ ಜನ ಬಾಯಿ ಮುಚ್ಚಿಕೊಂಡಿರುತ್ತಾರೆ. ಒಳ್ಳೆಯ ಡಾಕ್ಟರು ಯಾರೂ ಇದಕ್ಕೆ ಬೇಜಾರಾಗುವುದಿಲ್ಲ.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ, ಶುಗರ್ ಇದೆ, ಮೊದಲಿಂದಲೂ ಮಲಬದ್ಧತೆ. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದೆವು. ಒಳಗೆ ಹಾಕಿ ನೋಡಿ, ಹೊಟ್ಟೆ ಸ್ವಚ್ಛ ಇಲ್ಲ ಅಂತ ವಾಪಸ್ ಕಳಿಸಿದರು. ಔಷಧಿ ಎಲ್ಲ ಕುಡಿದಿದ್ದರು. ಮತ್ತೆ ಹಾಗಾಗಬಾರದು, ಏನು ಮಾಡಬೇಕು? — ರಾಣೇಬೆನ್ನೂರು

ಉತ್ತರ: ತಮ್ಮಾ, ಅರ್ಧಕ್ಕರ್ಧ ಪರೀಕ್ಷೆ ಗೆಲ್ಲುವುದು ಸೋಲುವುದು ಮನೆಯ ಸಂಡಾಸಿನಲ್ಲಿ. ಕರುಳು ಸ್ವಚ್ಛ ಇದ್ದರೆ ಪೈಪ್ ಸಲೀಸಾಗಿ ಹೋಗುತ್ತದೆ, ತೊಳೆಯುತ್ತಾ ಹೊತ್ತು ಕಳೆಯಬೇಕಿಲ್ಲ, ನೋವೂ ಕಡಿಮೆ.

ಊಟದಿಂದ ಶುರು ಮಾಡೋಣ. ನಮ್ಮ ಊಟ ಆರೋಗ್ಯಕ್ಕೆ ಬಹಳ ಒಳ್ಳೆಯದು, ಕೊಲೊನೋಸ್ಕೋಪಿಗೆ ಬಹಳ ಕೆಟ್ಟದ್ದು. ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಬದನೆಕಾಯಿ, ಸವತೆಕಾಯಿ, ಪೇರಲ, ಬ್ಯಾಡಗಿ ಮೆಣಸಿನಕಾಯಿಯ ಬೀಜ, ಇವೆಲ್ಲ ಕರುಳಿನ ಗೋಡೆಗೆ ಅಂಟಿ ಕೂತಿರುತ್ತವೆ. ಪೈಪಿನೊಳಗಿನ ಹೀರುವ ದಾರಿ ಬಹಳ ಸಣ್ಣದು, ನಾಲ್ಕು ಅಗಸಿ ಬೀಜ ಸಿಕ್ಕಿಕೊಂಡರೆ ಕಟ್ಟಿಹೋಗುತ್ತದೆ. ಎಷ್ಟು ಸಲ ನಾನೇ ಅದನ್ನು ಬಿಡಿಸಿದ್ದೇನೆ. ಹಿಂದಿನ ದಿನ ಮಾತ್ರ ಪಥ್ಯ ಸಾಕು ಅನ್ನುತ್ತಾರೆ. ಆದರೆ ನಿಮ್ಮ ತಂದೆಗೆ ಮಲಬದ್ಧತೆ ಇದೆ, ಒಮ್ಮೆ ವಾಪಸ್ಸೂ ಬಂದಿದ್ದಾರೆ. ಮೂರು ದಿನ ಮೊದಲೇ ಜೋಳದ ರೊಟ್ಟಿ, ಕಾಳು, ಸೊಪ್ಪು, ಹಿಂಡಿ, ಹಸಿ ತರಕಾರಿ ಬಿಡಿಸಿ. ಬಿಳಿ ಅನ್ನ, ತಿಳಿಸಾರು, ಮೊಸರು, ರವೆ ಇಡ್ಲಿ ಕೊಡಿ. ಮಲಬದ್ಧತೆಗೆ ಕೆಲವು ದಿನ ಮೊದಲಿಂದಲೇ ಔಷಧಿ ಬೇಕೇ ಅಂತ ಡಾಕ್ಟರನ್ನು ಕೇಳಿ. ಕಬ್ಬಿಣದ ಮಾತ್ರೆ ತಿನ್ನುತ್ತಿದ್ದರೆ ಅದನ್ನು ಐದಾರು ದಿನ ಮೊದಲು ನಿಲ್ಲಿಸಲು ಹೇಳುತ್ತಾರೆ. ಅದರಿಂದ ಮಲ ಕಪ್ಪಾಗಿ ಮೆತ್ತಿಕೊಳ್ಳುತ್ತದೆ.

ಔಷಧಿ ಕುಡಿದದ್ದು ಎಷ್ಟು ಹೊತ್ತಿಗೆ ಅಂತ ನೀವು ಬರೆದಿಲ್ಲ. ಬಹಳ ಜನ ಎಲ್ಲವನ್ನೂ ಹಿಂದಿನ ಸಂಜೆಯೇ ಕುಡಿದು ಮಲಗಿಬಿಡುತ್ತಾರೆ. ಬೆಳಗಾಗುವುದರೊಳಗೆ ಸಣ್ಣ ಕರುಳಿನಿಂದ ಹಳದಿ ಲೋಳೆ ಇಳಿದು, ಬಲಗಡೆ ಕರುಳಿಗೆ ಮತ್ತೆ ಬಳಿದುಕೊಳ್ಳುತ್ತದೆ. ಅದಕ್ಕೇ ಎರಡು ಕಂತಿನಲ್ಲಿ ಕುಡಿಯಬೇಕು. ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು 2 ಲೀಟರ್ ನೀರಿಗೆ ಕರಗಿಸುವುದಾದರೆ, ಒಂದು ಲೀಟರ್ ಹಿಂದಿನ ಸಂಜೆ, ಇನ್ನೊಂದು ಲೀಟರ್ ಪರೀಕ್ಷೆಗೆ 4ರಿಂದ 6 ಗಂಟೆ ಮುಂಚೆ. ಕುಡಿಯುವುದೆಲ್ಲ ಕನಿಷ್ಠ 2 ಗಂಟೆ ಮೊದಲು ಮುಗಿಯಬೇಕು. ಮಲಗಿಸಿ ಮಾಡುವುದಾದರೆ ಅರವಳಿಕೆ ಡಾಕ್ಟರು ಹೇಳಿದ ಹೊತ್ತೇ ಕೊನೆ.

ಇಲ್ಲಿ ಒಂದು ತೊಡಕಿದೆ. ಬೆಳಗ್ಗೆ 9 ಗಂಟೆಗೆ ಪರೀಕ್ಷೆ ಇಟ್ಟರೆ ಎರಡನೇ ಲೀಟರ್ ಕುಡಿಯುವುದು ನಸುಕಿನಲ್ಲಿ, ಆಗ ನೀವು ಬಸ್ಸಿನಲ್ಲಿರುತ್ತೀರಿ. ರಾಣೇಬೆನ್ನೂರಿನಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರಿಗೂ ಜಾಸ್ತಿ. 68 ವರ್ಷದವರು ಆ ಔಷಧಿ ಕುಡಿದು ಬಸ್ಸಿನಲ್ಲಿ ಕೂರಲು ಆಗುತ್ತದಾ? ಅದಕ್ಕೇ ಹೆದರಿ ಜನ ಎರಡನೇ ಕಂತನ್ನು ಬಿಡುತ್ತಾರೆ, ಯಾರಿಗೂ ಹೇಳುವುದಿಲ್ಲ. ನಿಮ್ಮ ತಂದೆಯೂ ಹಾಗೆ ಮಾಡಿರಬಹುದು, ಬೈಯದೆ ಕೇಳಿ ನೋಡಿ. ಹಿಂದಿನ ದಿನವೇ ಬಂದು ನೆಂಟರ ಮನೆಯಲ್ಲೋ ಆಸ್ಪತ್ರೆ ಹತ್ತಿರದ ಲಾಡ್ಜಿನಲ್ಲೋ ಉಳಿಯಿರಿ. ನಡೆಯಲು ದೂರ ಇಲ್ಲದ ಸಂಡಾಸ್ ಇರಲಿ. ಆಗದಿದ್ದರೆ ಮಧ್ಯಾಹ್ನದ ಹೊತ್ತು ಕೇಳಿ, ಹುಬ್ಬಳ್ಳಿಗೆ ಬಂದ ಮೇಲೆ ಎರಡನೇ ಕಂತು ಕುಡಿಸಿ.

ಕುಡಿಯಲು ಕಷ್ಟವಾದರೆ ತಣ್ಣಗೆ ಮಾಡಿ, ಸ್ಟ್ರಾ ಹಾಕಿ. ಹದಿನೈದು ನಿಮಿಷಕ್ಕೆ ಒಂದು ಲೋಟ, ನಡುವೆ ಓಡಾಡಿಸಿ. ವಾಕರಿಕೆ ಬಂದರೆ ಅರ್ಧ ಗಂಟೆ ಬಿಟ್ಟು ಮುಂದುವರಿಸಿ, ಚೆಲ್ಲಬೇಡಿ. ಕೋಕಂ, ಬೀಟ್‌ರೂಟ್, ಕೆಂಪು ಶರಬತ್ತು ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತದೆ. ಪದೇ ಪದೇ ತೊಳೆದು ಉರಿಯುವ ಜಾಗಕ್ಕೆ ಮೊದಲೇ ವ್ಯಾಸಲೀನ್ ಹಚ್ಚಿಕೊಳ್ಳಲಿ. ಕೊನೆಗೆ ಹೋಗುವುದು ತಿಳಿ ಹಳದಿ ನೀರಾಗಿರಬೇಕು, ಆಚೆ ಬದಿ ಕಾಣುವ ಹಾಗೆ. ಇನ್ನೂ ರಾಡಿ ಇದ್ದರೆ ಬೆಳಗ್ಗೆಯೇ ಫೋನ್ ಮಾಡಿ ಹೇಳಿ. ಆಗ ಇನ್ನಷ್ಟು ಔಷಧಿ ಕೊಟ್ಟು ಸರಿಮಾಡಬಹುದು.

ಶುಗರ್ ಮಾತ್ರೆ, ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕು ಅಂತ ಡಾಕ್ಟರಿಂದ ಬರೆಸಿಕೊಳ್ಳಿ. ಹೆಸರಿನ ಕೊನೆಗೆ ‘ಗ್ಲಿಫ್ಲೋಜಿನ್’ ಅಂತ ಬರುವ ಮಾತ್ರೆ ಇದ್ದರೆ ಅದನ್ನು ಮೂರು ನಾಲ್ಕು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ, ಮರೆಯದೆ ತೋರಿಸಿ. ರಕ್ತ ತೆಳುವಾಗುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸುಲಭ ಅಂತ ಸೋಡಿಯಂ ಫಾಸ್ಫೇಟಿನ ಸಣ್ಣ ಬಾಟಲಿ ಔಷಧಿಯನ್ನು ಅಂಗಡಿಯಿಂದ ತಂದು ಕುಡಿಸುವುದು ಬೇಡವೇ ಬೇಡ. ವಯಸ್ಸಾದವರ ಕಿಡ್ನಿಗೆ ಅದು ಪೆಟ್ಟು ಕೊಡಬಹುದು.

ಪ್ರಶ್ನೆ: ‘ನಾರ್ಮಲ್’ ಅಂತ ರಿಪೋರ್ಟ್ ಬಂದಿದೆ. ಸರಿಯಾಗಿ ನೋಡಿದ್ದಾರೆ ಅಂತ ನನಗೆ ಗೊತ್ತಾಗುವುದು ಹೇಗೆ? ಬೇಗ ಮುಗಿಸಿದರೆ ಒಳ್ಳೆಯದಾ? — ಧಾರವಾಡ

ಉತ್ತರ: ಒಳ್ಳೆಯ ಪ್ರಶ್ನೆ, ಎಲ್ಲರೂ ಕೇಳಬೇಕಾದದ್ದು. ರಿಪೋರ್ಟಿನಲ್ಲಿ ‘ಸೀಕಮ್’ವರೆಗೆ ಹೋಗಿದ್ದೇವೆ ಅಂತ ಬರೆದಿರಬೇಕು. ಅದು ದೊಡ್ಡ ಕರುಳಿನ ಕೊನೆ. ಅಲ್ಲಿ ಅಪೆಂಡಿಕ್ಸಿನ ಬಾಯಿ ಕಾಣುವ ಫೋಟೋ ಇರಬೇಕು. ನಮ್ಮ ದೇಶದಲ್ಲಿ ಕರುಳಿನ ಟಿಬಿ ಇರುವುದರಿಂದ ಸಣ್ಣ ಕರುಳಿನ ತುದಿಯನ್ನೂ ನೋಡಿದ್ದರೆ ಇನ್ನೂ ಒಳ್ಳೆಯದು. ಕರುಳು ಎಷ್ಟು ಸ್ವಚ್ಛ ಇತ್ತು ಅನ್ನುವುದಕ್ಕೆ ಬಾಸ್ಟನ್ ಸ್ಕೇಲ್ ಅಂತ ಅಂಕ ಕೊಡುತ್ತಾರೆ. ಮೂರು ಭಾಗಕ್ಕೆ ಮೂರು ಮೂರು ಅಂಕ, ಒಟ್ಟು 9. ಒಂದೊಂದು ಭಾಗಕ್ಕೂ 2ಕ್ಕಿಂತ ಕಡಿಮೆ ಇರಬಾರದು.

ಹೊತ್ತಿನ ಲೆಕ್ಕ ಹೀಗೆ. ನಿಜವಾಗಿ ನೋಡುವುದು ಪೈಪ್ ಹೊರಗೆ ಎಳೆಯುತ್ತಾ ಬರುವಾಗ. 2006ರಲ್ಲಿ ಅಮೆರಿಕದ ಒಂದು ಊರಿನ 12 ಡಾಕ್ಟರ ಪರೀಕ್ಷೆಗಳನ್ನು ಹೋಲಿಸಿದಾಗ, ಹೊರಬರಲು ಸರಾಸರಿ 6 ನಿಮಿಷಕ್ಕಿಂತ ಕಡಿಮೆ ತೆಗೆದುಕೊಂಡವರಿಗೆ ನೂರರಲ್ಲಿ ಸುಮಾರು 12 ಜನರಲ್ಲಿ ಅಡಿನೋಮಾ ಸಿಕ್ಕಿತ್ತು. 6 ನಿಮಿಷ ಅಥವಾ ಹೆಚ್ಚು ತೆಗೆದುಕೊಂಡವರಿಗೆ ಸುಮಾರು 28 ಜನರಲ್ಲಿ. ಎರಡು ಪಟ್ಟಿಗೂ ಹೆಚ್ಚು! ಹೊರಬರಲು ಕನಿಷ್ಠ 6 ನಿಮಿಷ ಬೇಕು ಅಂತಿದ್ದ ಲೆಕ್ಕವನ್ನು 2024ರಲ್ಲಿ ಅಮೆರಿಕದ ತಜ್ಞ ಸಂಘಗಳು 8 ನಿಮಿಷಕ್ಕೆ ಏರಿಸಿವೆ. ಪಾಲಿಪ್ ತೆಗೆಯುವ ಹೊತ್ತು ಇದರಲ್ಲಿ ಸೇರುವುದಿಲ್ಲ. ಮಡಿಕೆಗಳ ಹಿಂದೆ ಅಡಗಿದ ಚಪ್ಪಟೆ ಪಾಲಿಪ್ ಹುಡುಕಲು ಬಲಗಡೆ ಕರುಳನ್ನು ಎರಡೆರಡು ಸಲ ನೋಡುತ್ತಾರೆ, ಪೈಪಿನ ತುದಿಗೆ ಪ್ಲಾಸ್ಟಿಕ್ ಟೋಪಿ ಹಾಕುತ್ತಾರೆ. ಈಗೀಗ ಕಂಪ್ಯೂಟರ್ ಕೂಡ ಪರದೆಯ ಮೇಲೆ ಚೌಕ ಹಾಕಿ ‘ಇಲ್ಲಿ ನೋಡಿ’ ಅನ್ನುತ್ತದೆ. ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಆದರೆ ಹೊಲಸಿನ ಅಡಿಯಲ್ಲಿರುವುದನ್ನು ಯಾವ ಕಂಪ್ಯೂಟರೂ ತೋರಿಸುವುದಿಲ್ಲ, ಅವಸರದ ಕೈ ದಾಟಿಹೋದದ್ದನ್ನೂ ತೋರಿಸುವುದಿಲ್ಲ. ಹೊರಗೆ ಕೂತ ಮನೆಯವರು ‘ಇಷ್ಟೊತ್ತು ಯಾಕೆ’ ಅಂತ ಬಾಗಿಲು ಬಡಿಯಬೇಡಿ.

ಪ್ರಶ್ನೆ: ಮಂಪರಿನ ಇಂಜೆಕ್ಷನ್ ಕೊಟ್ಟರೆ ಅದೇ ದಿನ ಸ್ಕೂಟಿ ಓಡಿಸಿಕೊಂಡು ಮನೆಗೆ ಹೋಗಬಹುದಾ? — ಹುಬ್ಬಳ್ಳಿ

ಉತ್ತರ: ಬೇಡಮ್ಮಾ. ನಿಮಗೆ ಪೂರ್ತಿ ಎಚ್ಚರ ಆಗಿದೆ ಅನಿಸುತ್ತದೆ, ಆಗಿರುವುದಿಲ್ಲ. 24 ಗಂಟೆ ಗಾಡಿ ಬೇಡ, ಕಾಗದ ಪತ್ರಕ್ಕೆ ಸಹಿ ಬೇಡ. ಜೊತೆಗೆ ಯಾರಾದರೂ ಇರಲೇಬೇಕು. ಇಂಜೆಕ್ಷನ್ ಇಲ್ಲದೆ ಮಾಡಿಸಿಕೊಂಡವರಿಗೆ ಈ ನಿರ್ಬಂಧ ಇಲ್ಲ.

ಪ್ರಶ್ನೆ: ಪೈಪ್ ಬದಲು ಸಿಟಿ ಸ್ಕ್ಯಾನ್‌ನಲ್ಲೇ ಕರುಳು ನೋಡಬಹುದಂತೆ, ಅದು ಸುಲಭ ಅಲ್ವಾ? — ಹಾವೇರಿ

ಉತ್ತರ: ಅಂಥ ಸ್ಕ್ಯಾನ್ ಇದೆ. ಆದರೆ ಅದಕ್ಕೂ ಹೊಟ್ಟೆ ಸ್ವಚ್ಛ ಮಾಡಿಕೊಳ್ಳಬೇಕು, ಅದಕ್ಕೂ ಕೆಳಗಿನಿಂದ ಗ್ಯಾಸ್ ತುಂಬಬೇಕು. ಪಾಲಿಪ್ ಕಂಡರೆ ತೆಗೆಯಲು ಆಗುವುದಿಲ್ಲ, ಬಯಾಪ್ಸಿ (ಪರೀಕ್ಷೆಗೆ ಚೂರು ತೆಗೆಯುವುದು) ಆಗುವುದಿಲ್ಲ. ಮತ್ತೆ ಕೊಲೊನೋಸ್ಕೋಪಿಗೇ ಬರಬೇಕು. ಪೈಪ್ ಕೊನೆ ಮುಟ್ಟದವರಿಗೆ, ಬಹಳ ನಿತ್ರಾಣ ಇರುವವರಿಗೆ ಅದು ಒಳ್ಳೆಯ ದಾರಿ.

ಪ್ರಶ್ನೆ: ನನಗೆ 54. ಆರು ತಿಂಗಳಿಂದ ರಕ್ತ ಹೋಗುತ್ತಿದೆ. ನೋವಿಗಿಂತ ನನಗೆ ನಾಚಿಕೆಯೇ ಜಾಸ್ತಿ. ಗಂಡಸು ಡಾಕ್ಟರ ಮುಂದೆ ಹೇಗೆ? ಮಗಳಿಗೆ ಹೇಳಿ ಈ ಪತ್ರ ಬರೆಸಿದ್ದೇನೆ. — ರೋಣ ತಾಲ್ಲೂಕು

ಉತ್ತರ: ಅಕ್ಕಾ, ಮಗಳಿಗೆ ಹೇಳಿದಿರಲ್ಲ, ಬಹಳ ಒಳ್ಳೆಯದು ಮಾಡಿದಿರಿ. ಆರು ತಿಂಗಳು ಕಾದದ್ದು ಸಾಕು. ಈ ವಾರವೇ ಹೋಗಿ ತೋರಿಸಿ.

ಆ ಕೋಣೆಯಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ನಿಮಗೆ ಹಿಂದೆ ಮಾತ್ರ ತೆರೆಯುವ ಚಡ್ಡಿ, ಇಲ್ಲವೇ ಉದ್ದನೆಯ ಗೌನ್ ಕೊಡುತ್ತಾರೆ. ಎಡಮಗ್ಗುಲಾಗಿ, ಮೊಣಕಾಲು ಮಡಚಿ ಮಲಗುತ್ತೀರಿ. ಸೊಂಟದ ಮೇಲೆ ಬಟ್ಟೆ ಹೊದಿಸಿರುತ್ತಾರೆ. ಡಾಕ್ಟರು ನಿಮ್ಮ ಬೆನ್ನ ಹಿಂದೆ ನಿಂತಿರುತ್ತಾರೆ, ಅವರ ಕಣ್ಣು ಪರದೆಯ ಮೇಲೆ. ನಿಮ್ಮ ಮುಖದ ಕಡೆ ನಿಲ್ಲುವವಳು ನನ್ನಂಥ ಒಬ್ಬ ಸಿಸ್ಟರ್. ‘ಹೆಣ್ಣುಮಕ್ಕಳು ಒಬ್ಬರು ನನ್ನ ಪಕ್ಕ ಇರಬೇಕು, ಬೇಡದವರು ಒಳಗೆ ಬರಬಾರದು’ ಅಂತ ಮೊದಲೇ ಹೇಳಿ. ಅದು ನಿಮ್ಮ ಹಕ್ಕು. ಹೆಂಗಸು ಡಾಕ್ಟರು ಇರುವ ಕಡೆ ಕೇಳಿಕೊಂಡು ಹೋಗುವುದೂ ತಪ್ಪಲ್ಲ, ಆದರೆ ಅದಕ್ಕಾಗಿ ಇನ್ನೂ ಮೂರು ತಿಂಗಳು ಕಾಯಬೇಡಿ. ಒಳಗೆ ಹೋದ ಕೂಡಲೇ ಸಿಸ್ಟರ್ ಕೈ ಹಿಡಿದುಕೊಳ್ಳಿ. ನಾವು ಬಿಡಿಸಿಕೊಳ್ಳುವುದಿಲ್ಲ. ಸಾವಿರಾರು ಕೈ ಹಿಡಿದಿದ್ದೇನೆ. ಹೊಲದ ಕೆಲಸದಲ್ಲಿ ಒಡೆದ ಕೈ, ಬಳೆ ತುಂಬಿದ ಕೈ. ಪೈಪ್ ಒಳಗೆ ಹೋಗುವಾಗ ಬಿಗಿಯಾಗಿ ಹಿಡಿದ ಬೆರಳು ಸಡಿಲವಾಯಿತು ಅಂದರೆ ಪರದೆ ನೋಡದೆಯೇ ನನಗೆ ತಿಳಿಯುತ್ತಿತ್ತು, ತಿರುವು ದಾಟಿತು ಅಂತ.

ಪ್ರಶ್ನೆ: ಪರೀಕ್ಷೆ ಆದ ಮೇಲೆ ರೊಟ್ಟಿ ಯಾವಾಗ ತಿನ್ನಬಹುದು? — ಶಿಗ್ಗಾಂವಿ

ಉತ್ತರ: ಇಂಜೆಕ್ಷನ್ನಿನ ಮಂಪರು ಪೂರ್ತಿ ಇಳಿದ ಮೇಲೆ ಮೊದಲು ನೀರು, ಚಹಾ. ಆಮೇಲೆ ಅನ್ನ, ಮಜ್ಜಿಗೆ. ಬರೀ ನೋಡಿದ್ದಷ್ಟೇ ಆಗಿದ್ದರೆ ಮರುದಿನ ರೊಟ್ಟಿ ತಿನ್ನಿ. ಪಾಲಿಪ್ ತೆಗೆದಿದ್ದರೆ ಎಷ್ಟು ದಿನ ಅಂತ ಡಾಕ್ಟರನ್ನೇ ಕೇಳಿ. ಹೊಟ್ಟೆ ಗಟ್ಟಿಯಾಗಿ ನೋವು ಏರುತ್ತಾ ಹೋದರೆ, ಜ್ವರ ಬಂದರೆ, ರಕ್ತ ಗಡ್ಡೆಗಟ್ಟಿ ಹೋದರೆ, ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಆಸ್ಪತ್ರೆಗೆ ಹೋಗಿ. ಕರುಳು ತೂತಾಗುವುದು ಬಹಳ ಅಪರೂಪ, ಆದರೆ ಹಾಗೇನಾದರೂ ಆಗಿಬಿಟ್ಟರೆ ಕಾಯುವಂತಿಲ್ಲ. ಪಾಲಿಪ್ ತೆಗೆದ ಜಾಗದಿಂದ ಎರಡು ವಾರದವರೆಗೂ ರಕ್ತ ಬರುವ ಸಾಧ್ಯತೆ ಇದೆ. ಆ ಎರಡು ವಾರ ಆಸ್ಪತ್ರೆ ಸಿಗದ ದೂರದ ಊರಿಗೆ ಹೋಗಬೇಡಿ. ರಿಪೋರ್ಟನ್ನು ಮಡಚಿ ಎಲ್ಲೋ ಇಡದೆ, ಕೈಗೆ ಸಿಗುವ ಕಡೆ ಇಡಿ.